ಹನ್ನೆರಡು ತಿಂಗಳ ನರಕ

ಪರಧರ್ಮಗಳನ್ನು ಕುರಿತು ನಮ್ಮಲ್ಲಿ ರೂಢವಾಗಿರುವ ಅಭಿಪ್ರಾಯಗಳಲ್ಲಿ ಬಹುಪಾಲು ಕೇಳಿಕೆಯ ಮಾತುಗಳು. ಯೆಹೂದಿಗಳ ದೇವರೆಂದರೆ ಮಹಾಕೋಪಿ, ಅಪರಾಧಿಯನ್ನು ಕ್ಷಮಿಸಲರಿಯದ ದಂಡಾಧಿಕಾರಿ, ದಯಾಮಯನಾದ ದೇವರ ಕಲ್ಪನೆ ಆ ಜನಕ್ಕೆ ಎಟುಕಲಿಲ್ಲ ಎಂಬುದು ಅಂಥ ಮಾತುಗಳಲ್ಲಿ ಒಂದು. ವಿದ್ಯಾವಂತರ ಸಭೆಗಳಲ್ಲಿಯೂ ಇದನ್ನು ಸಿದ್ಧಾಂತವೆಂಬಂತೆ ಉಚ್ಚರಿಸುವುದುಂಟು. ಇದರ ಮೂಲ ಬಹಳ ಹಳೆಯದು. ಕ್ರಿ. ಶ. ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬ ಕ್ರೈಸ್ತ ಬೋಧಕನು ಹಳೆಯ ಒಡಂಬಡಿಕೆಯ ದೇವರು ಬೇರೆ, ಯೇಸುವಿನ ತಂದೆಯಾದ ದೇವರು ಬೇರೆ ಎಂದು ವಾದಿಸಿದನು. ರೋಮಿನ ಸಭೆ 144ರಲ್ಲಿ ಅವನನ್ನು ಬಹಿಷ್ಕರಿಸಿತು. ಮನುಷ್ಯ ಹೊರಗಾದನು, ಮಾತು ಒಳಗೇ ಉಳಿಯಿತು.

ಹಿರಿಯರ ಪಾಪವನ್ನು ಮೂರು ನಾಲ್ಕು ತಲೆಮಾರಿನವರೆಗೆ ಮಕ್ಕಳ ಮೇಲೆ ಹೊರಿಸುವ ದೇವರ ಚಿತ್ರ ಮೋಶೆಯ ಧರ್ಮಶಾಸ್ತ್ರದಲ್ಲಿ ಇದೆಯೆಂಬುದು ನಿಜ. ಆದರೆ ಅದೇ ಜನಾಂಗದ ಪ್ರವಾದಿಯಾದ ಯೆಹೆಜ್ಕೇಲನು ಆ ತತ್ತ್ವವನ್ನು ಸ್ಪಷ್ಟವಾಗಿ ನಿರಾಕರಿಸಿ, ತಂದೆಯ ಅಪರಾಧಕ್ಕೆ ಮಗನು ಸಾಯತಕ್ಕದ್ದಲ್ಲವೆಂದು ಸಾರಿದನು. ಈ ಎರಡರ ವಿರೋಧವನ್ನು ಕಂಡ ತಾಲ್ಮುದ್ ಪಂಡಿತರು ಅದನ್ನು ಮುಚ್ಚಿಡಲಿಲ್ಲ. ಮೋಶೆ ವಿಧಿಸಿದುದನ್ನು ಯೆಹೆಜ್ಕೇಲನು ಬಂದು ರದ್ದುಪಡಿಸಿದನೆಂದೇ ಬರೆದಿಟ್ಟರು. ತನ್ನ ಮೂಲಶಾಸನಕ್ಕೆ ತಿದ್ದುಪಡಿಯಾಯಿತೆಂದು ಶಾಸ್ತ್ರವೇ ಒಪ್ಪಿಕೊಳ್ಳುವುದು ಧರ್ಮಸಾಹಿತ್ಯದಲ್ಲಿ ವಿರಳವಾದ ಸಂಗತಿ. ಯೆಹೂದಿಗಳ ದೈವನ್ಯಾಯದ ವಿಚಾರವನ್ನು ಈ ಪ್ರಾಮಾಣಿಕತೆಯಿಂದಲೇ ಆರಂಭಿಸುವುದು ಉಚಿತ.

ಇನ್ನು ನರಕದ ಮಾತು. ಹೀಬ್ರೂ ಬೈಬಲಿನ ಹೆಚ್ಚಿನ ಭಾಗದಲ್ಲಿ ನರಕವೇ ಇಲ್ಲವೆಂದರೆ ಹಲವರಿಗೆ ಆಶ್ಚರ್ಯವಾದೀತು. ಅಲ್ಲಿ ಇರುವುದು ಶೆಓಲ್. ಕನ್ನಡ ಬೈಬಲಿನಲ್ಲಿ ಇದಕ್ಕೆ ಪಾತಾಳವೆಂಬ ಶಬ್ದವನ್ನು ಬಳಸಿದ್ದಾರೆ. ನಮ್ಮ ಪುರಾಣಗಳ ನಾಗಲೋಕದ ನೆನಪು ಆ ಶಬ್ದಕ್ಕೆ ಅಂಟಿಕೊಂಡಿದೆಯಾದರೂ ನರಕವೆನ್ನದೆ ಪಾತಾಳವೆಂದದ್ದು ವಿವೇಕದ ಕೆಲಸ. ಶೆಓಲಿಗೆ ಎಲ್ಲರೂ ಇಳಿಯುತ್ತಾರೆ: ಅರಸ, ಆಳು, ಪುಣ್ಯವಂತ, ಪಾಪಿ. ಅಲ್ಲಿ ದಂಡನೆಯಿಲ್ಲ, ಬಹುಮಾನವೂ ಇಲ್ಲ. ಬೆಳಕಿಲ್ಲ, ಸ್ತೋತ್ರವೂ ಇಲ್ಲ. ಆದುದರಿಂದ ನ್ಯಾಯವೆಂಬುದು ನಡೆಯುವುದಾದರೆ ಈ ಲೋಕದಲ್ಲಿಯೇ ನಡೆಯಬೇಕಾಗಿತ್ತು. ಮಳೆ, ಬೆಳೆ, ಸಂತತಿ, ದೀರ್ಘಾಯುಷ್ಯ ಇವು ಧರ್ಮದ ಫಲ. ಬರ, ಸೋಲು, ಸೆರೆ ಇವು ಅಧರ್ಮದ ಫಲ. ಹಾಗಾಗಲಿಲ್ಲವೆಂಬ ಕೂಗು ಯೋಬನ ಗ್ರಂಥದಲ್ಲಿದೆ. ಯೋಬನ ಗೆಳೆಯರು ಬಂದು ಅವನ ಕಷ್ಟಕ್ಕೆ ಅವನ ಪಾಪವೇ ಕಾರಣವೆಂದು ಶಾಸ್ತ್ರೋಕ್ತವಾಗಿ ವಿವರಿಸಿದರು. ಗ್ರಂಥದ ಕೊನೆಯಲ್ಲಿ ದೇವರು ಸಿಟ್ಟಾದದ್ದು ಆ ವಿವರಣೆಕಾರರ ಮೇಲೆ, ಜಗಳವಾಡಿದ ಯೋಬನ ಮೇಲೆ ಅಲ್ಲ. ಪ್ರಸಂಗಿಯ ಗ್ರಂಥಕಾರನಂತೂ ನೀತಿವಂತನಿಗೂ ದುಷ್ಟನಿಗೂ ಗತಿ ಒಂದೇ ಎಂದು ಹೇಳಿ ಸುಮ್ಮನಾಗುತ್ತಾನೆ. ಈ ಎರಡು ಗ್ರಂಥಗಳನ್ನು ಪವಿತ್ರಗ್ರಂಥಗಳ ಸಾಲಿನಲ್ಲಿ ಇರಿಸಿಕೊಂಡ ಜನರು ಪ್ರಶ್ನೆಗೆ ಹೆದರಿದವರಲ್ಲವೆಂಬುದು ಸ್ಪಷ್ಟ.

ನರಕಕ್ಕೆ ಅವರಲ್ಲಿ ಮುಂದೆ ಬಂದ ಹೆಸರು ಗೆಹಿನ್ನೋಮ್. ಇದು ಭೂಮಿಯ ಮೇಲೆ ಇರುವ ಒಂದು ಜಾಗದ ಹೆಸರು. ಹಳೆಯ ಯೆರೂಸಲೇಮ್ ಪಟ್ಟಣದ ನೈರುತ್ಯಕ್ಕೂ ದಕ್ಷಿಣಕ್ಕೂ ಹಬ್ಬಿರುವ ಹಿನ್ನೋಮ್ ಕಣಿವೆ ಅದು; ಇಂದಿಗೂ ಅಲ್ಲಿ ನಡೆದಾಡಬಹುದು. ಆಹಾಜ, ಮನಸ್ಸೆ ಎಂಬ ಅರಸರು ತಮ್ಮ ಮಕ್ಕಳನ್ನು ಅಲ್ಲಿ ಬೆಂಕಿಗೆ ಅರ್ಪಿಸಿದರೆಂದು ಬೈಬಲ್ ಹೇಳುತ್ತದೆ, ಕ್ರಿ. ಪೂ. ಏಳನೆಯ ಶತಮಾನದ ಅರಸ ಯೋಷೀಯನು ಆ ಬಲಿಪೀಠವನ್ನು ಹೊಲೆಗೆಡಿಸಿ ಪದ್ಧತಿಯನ್ನು ನಿಲ್ಲಿಸಿದನು. ಆ ಕಣಿವೆಯಲ್ಲಿ ಊರಿನ ಕಸವನ್ನು ಸದಾ ಸುಡುತ್ತಿದ್ದುದರಿಂದ ನರಕಕ್ಕೆ ಆ ಹೆಸರು ಬಂತೆಂದು ಅನೇಕ ಪುಸ್ತಕಗಳು ಬರೆಯುತ್ತವೆ. ಆದರೆ ಈ ವಿವರಣೆ ಮೊದಲು ಕಾಣುವುದು ಸುಮಾರು 1200ರಲ್ಲಿದ್ದ ದಾವಿದ್ ಕಿಮ್ಹಿ ಎಂಬ ವ್ಯಾಖ್ಯಾನಕಾರನಲ್ಲಿ. ಪ್ರಾಚೀನ ಗ್ರಂಥಗಳಲ್ಲಾಗಲಿ ಉತ್ಖನನಗಳಲ್ಲಾಗಲಿ ಅದಕ್ಕೆ ಆಧಾರ ದೊರೆತಿಲ್ಲ. ಕಸದ ಬೆಂಕಿಗಿಂತ ಮಕ್ಕಳನ್ನು ಸುಟ್ಟ ಬೆಂಕಿಯ ನೆನಪೇ ಆ ಹೆಸರಿನ ಹಿಂದೆ ಇದೆಯೆಂದು ನಮಗೆ ತೋರುತ್ತದೆ. ಮನುಷ್ಯನು ಮನುಷ್ಯನಿಗೆ ಮಾಡಿದ ಘೋರಕೃತ್ಯದ ಸ್ಥಳವೇ ದಂಡನೆಯ ಸ್ಥಳಕ್ಕೆ ಹೆಸರಾಯಿತು. ಅದೇ ಕಣಿವೆಯ ಮೇಲಣ ಏರಿನಲ್ಲಿ, ಕೆತೆಫ್ ಹಿನ್ನೋಮ್ ಎಂಬಲ್ಲಿ, 1979ರಲ್ಲಿ ಗೇಬ್ರಿಯಲ್ ಬಾರ್ಕಾಯ್ ಎಂಬ ಪುರಾತತ್ತ್ವಜ್ಞರು ಹಳೆಯ ಸಮಾಧಿಯೊಂದನ್ನು ಅಗೆಸಿದಾಗ ಸುರುಳಿ ಸುತ್ತಿದ ಎರಡು ಪುಟ್ಟ ಬೆಳ್ಳಿಯ ತಗಡುಗಳು ಸಿಕ್ಕವು. ಅವುಗಳ ಮೇಲೆ ಕೊರೆದಿದ್ದುದು ಅರ್ಚಕರು ಜನರಿಗೆ ನೀಡುವ ಆಶೀರ್ವಾದದ ಮಾತು. ಸುಮಾರು 2600 ವರ್ಷ ಹಳೆಯವಾದ ಈ ತಗಡುಗಳಿಗಿಂತ ಹಿಂದಿನ ಬೈಬಲ್ ವಾಕ್ಯದ ಪ್ರತಿ ಇದುವರೆಗೆ ಎಲ್ಲಿಯೂ ದೊರೆತಿಲ್ಲ. ನರಕಕ್ಕೆ ಹೆಸರು ಕೊಟ್ಟ ಕಣಿವೆಯ ಅಂಚಿನಲ್ಲಿ ಇದು ದೊರೆತದ್ದು ಕಾಕತಾಳೀಯವೇ ಸರಿ. ಆದರೂ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಸತ್ತವರು ಎದ್ದು ಬಂದು ಕೆಲವರು ನಿತ್ಯಜೀವನವನ್ನೂ ಕೆಲವರು ನಿತ್ಯನಿಂದೆಯನ್ನೂ ಪಡೆಯುವರೆಂಬ ಮಾತು ಹೀಬ್ರೂ ಬೈಬಲಿನಲ್ಲಿ ಸ್ಪಷ್ಟವಾಗಿ ಕಾಣುವುದು ದಾನಿಯೇಲನ ಗ್ರಂಥದ ಕೊನೆಯ ಅಧ್ಯಾಯದಲ್ಲಿ. ಆ ಭಾಗ ರಚಿತವಾದದ್ದು ಕ್ರಿ. ಪೂ. 165ರ ಸುಮಾರಿಗೆಂದು ವಿದ್ವಾಂಸರ ಮತ. ಅದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಸಿರಿಯಾದ ದೊರೆ ನಾಲ್ಕನೆಯ ಆಂಟಿಯೋಕಸನು ಯೆಹೂದಿಗಳ ಆಚಾರಗಳನ್ನು ನಿಷೇಧಿಸಿದ ಕಾಲ ಅದು. ಅದುವರೆಗೆ ಆಜ್ಞೆಯನ್ನು ಮೀರಿದವನಿಗೆ ಮರಣವೆಂದು ಹೇಳಿಕೊಂಡು ಬಂದಿದ್ದರು. ಈಗ ಆಜ್ಞೆಯನ್ನು ಪಾಲಿಸಿದವನೇ ಸಾಯುತ್ತಿದ್ದನು, ಮೀರಿದವನು ಬದುಕುತ್ತಿದ್ದನು. ಲೆಕ್ಕ ಈ ಲೋಕದಲ್ಲಿ ಹೊಂದಲಿಲ್ಲ. ಇನ್ನೊಂದು ಲೋಕದಲ್ಲಾದರೂ ಹೊಂದಲೇಬೇಕೆಂಬ ಹಟದಿಂದ ಈ ನಂಬಿಕೆ ಹುಟ್ಟಿತು. ಸದ್ದುಕಾಯರು ಇದನ್ನು ಕೊನೆಯವರೆಗೂ ಒಪ್ಪಲಿಲ್ಲ, ಫರಿಸಾಯರು ಒಪ್ಪಿದರು. ಕ್ರಿ. ಶ. 70ರಲ್ಲಿ ರೋಮನ್ನರು ದೇವಾಲಯವನ್ನು ಕೆಡವಿದ ಮೇಲೆ ಉಳಿದದ್ದು ಫರಿಸಾಯರ ಪರಂಪರೆ.

ಈಗ ನಮ್ಮ ವಿಚಾರದ ಕೇಂದ್ರದಲ್ಲಿರುವ ಕಥೆಗೆ ಬರಬಹುದು. ತಾಲ್ಮುದಿನಲ್ಲಿ ಚದರಿಹೋಗಿರುವ ಇದರ ತುಣುಕುಗಳನ್ನು ಒಟ್ಟುಗೂಡಿಸಿ ಓದಿದರೆ ದೈವನ್ಯಾಯವನ್ನು ಕುರಿತು ಆ ಪರಂಪರೆಯ ಮನಸ್ಸು ಬಿಚ್ಚಿಕೊಳ್ಳುತ್ತದೆ.

ಎರಡನೆಯ ಶತಮಾನದಲ್ಲಿ ಎಲಿಶಾ ಬೆನ್ ಅಬುಯಾ ಎಂಬ ಮಹಾಪಂಡಿತನಿದ್ದನು. ಮೋಶೆಯ ಧರ್ಮಶಾಸ್ತ್ರದಲ್ಲಿ ದೀರ್ಘಾಯುಷ್ಯದ ಫಲವನ್ನು ಹೆಸರಿಸಿ ವಿಧಿಸಿರುವ ಆಜ್ಞೆಗಳಲ್ಲಿ ಎರಡು ಪ್ರಸಿದ್ಧ: ತಂದೆತಾಯಿಗಳನ್ನು ಗೌರವಿಸುವುದು ಒಂದು, ಗೂಡಿನಿಂದ ಮರಿಗಳನ್ನು ತೆಗೆಯುವಾಗ ತಾಯಿಹಕ್ಕಿಯನ್ನು ಹಾರಿಬಿಡುವುದು ಇನ್ನೊಂದು. ಒಂದು ದಿನ ತಂದೆಯೊಬ್ಬನು ತನ್ನ ಮಗನಿಗೆ ಮೇಲೆ ಹತ್ತಿ ಮರಿಗಳನ್ನು ತರುವಂತೆ ಹೇಳಿದನು. ಹುಡುಗ ತಂದೆಯ ಮಾತಿನಂತೆ ಹತ್ತಿದನು, ತಾಯಿಹಕ್ಕಿಯನ್ನು ಹಾರಿಬಿಟ್ಟನು, ಮರಿಗಳನ್ನು ತೆಗೆದುಕೊಂಡನು. ಎರಡು ಆಜ್ಞೆಗಳನ್ನೂ ಒಂದೇ ಗಳಿಗೆಯಲ್ಲಿ ನೆರವೇರಿಸಿದ ಆ ಬಾಲಕ ಇಳಿಯುವಾಗ ಬಿದ್ದು ಸತ್ತನು. ಎಲಿಶಾ ಇದನ್ನು ಕಂಡನು. ಅವನ ನಂಬಿಕೆ ಅಲ್ಲಿಗೆ ಮುರಿಯಿತು. ಬೇರೊಂದು ಪಾಠದಲ್ಲಿ, ರೋಮನ್ನರು ಕೊಂದ ವಿದ್ವಾಂಸನೊಬ್ಬನ ನಾಲಗೆ ಬೀದಿಯಲ್ಲಿ ಬಿದ್ದಿದ್ದುದನ್ನು ಕಂಡು ಅವನ ಮನಸ್ಸು ಕೆಟ್ಟಿತೆಂದು ಇದೆ. ಶಾಸ್ತ್ರವನ್ನು ಉಚ್ಚರಿಸಿದ ನಾಲಗೆಗೆ ದೊರೆತ ಫಲ ಇದೇ ಏನು ಎಂಬುದು ಅವನ ಪ್ರಶ್ನೆ. ಅಂದಿನಿಂದ ಪಂಡಿತರು ಅವನ ಹೆಸರನ್ನು ಹೇಳುವುದನ್ನೇ ಬಿಟ್ಟು ಅಹೇರ್ ಎಂದರು. ಬೇರೆಯವನು, ಅನ್ಯ ಎಂದು ಅದರ ಅರ್ಥ.

ಆ ಬಾಲಕನ ವಿಷಯದಲ್ಲಿ ತಾಲ್ಮುದ್ ಕೊಡುವ ಸಮಾಧಾನ ರಬ್ಬಿ ಯಾಕೋಬನದು. ಶಾಸ್ತ್ರದಲ್ಲಿ ಹೇಳಿರುವ ದೀರ್ಘಾಯುಷ್ಯ ಈ ಲೋಕದ್ದಲ್ಲ. ಪೂರ್ತಿಯಾಗಿ ದೀರ್ಘವಾದ ಮುಂದಿನ ಲೋಕದ್ದು. ಪುಣ್ಯಕ್ಕೆ ಈ ಲೋಕದಲ್ಲಿ ಫಲವೇ ಇಲ್ಲ ಎಂದು ಅವನ ವ್ಯಾಖ್ಯಾನ. ಈ ಯಾಕೋಬನು ಎಲಿಶಾನ ಮಗಳ ಮಗ. ತಾತನು ಮೊಮ್ಮಗನ ವ್ಯಾಖ್ಯಾನವನ್ನು ತಿಳಿದಿದ್ದರೆ ದಾರಿತಪ್ಪುತ್ತಿರಲಿಲ್ಲ ಎಂದು ಇನ್ನೊಬ್ಬ ಪಂಡಿತನು ಅಲ್ಲಿಯೇ ಮರುಗುತ್ತಾನೆ. ಪರಲೋಕದ ಸಿದ್ಧಾಂತ ಇಲ್ಲಿ ತರ್ಕಗ್ರಂಥದಿಂದ ಬಂದದ್ದಲ್ಲ. ಒಂದು ಮನೆತನದ ದುಃಖದೊಳಗಿನಿಂದ ಬಂದದ್ದು.

ಈ ಸಮಾಧಾನ ಸಾಕೇ? ವಿಮರ್ಶಕನಾದವನು ಇಲ್ಲಿ ಒಂದು ಮಾತು ಹೇಳಬೇಕಾಗುತ್ತದೆ. ಫಲವೆಲ್ಲ ಮುಂದಿನ ಲೋಕದಲ್ಲಿ ಎಂದುಬಿಟ್ಟರೆ ಕಂಡ ಅನ್ಯಾಯಕ್ಕೆ ಉತ್ತರ ಕಾಣದ ಕಡೆಗೆ ಹೋಗುತ್ತದೆ. ಅದನ್ನು ಯಾರೂ ಪರೀಕ್ಷಿಸಲಾಗದು. ಬಲಿಷ್ಠರು ದುರ್ಬಲರನ್ನು ಸುಮ್ಮನಿರಿಸಲು ಇದೇ ಉತ್ತರವನ್ನು ಎಲ್ಲ ದೇಶಗಳಲ್ಲಿಯೂ ಬಳಸಿದ್ದಾರೆ. ತಾಲ್ಮುದ್ ಪಂಡಿತರಿಗೂ ಈ ಅತೃಪ್ತಿ ಇದ್ದಂತೆ ಕಾಣುತ್ತದೆ, ಏಕೆಂದರೆ ಅವರು ಯಾಕೋಬನ ಮಾತಿಗೆ ನಿಲ್ಲಲಿಲ್ಲ. ಆ ಹುಡುಗನ ಮನಸ್ಸಿನಲ್ಲಿ ಪಾಪಚಿಂತನೆ ಇದ್ದಿರಬಹುದೇ ಎಂದು ಕೇಳುತ್ತಾರೆ, ಅದನ್ನು ಒಪ್ಪುವುದಿಲ್ಲ. ಪುಣ್ಯಕಾರ್ಯಕ್ಕೆ ಹೋಗುವವರಿಗೆ ಕೇಡು ತಟ್ಟದೆಂಬ ಮಾತಿದೆಯಲ್ಲ, ಅದೇನಾಯಿತು ಎಂದು ಕೇಳುತ್ತಾರೆ. ಕೊನೆಗೆ ಬರುವ ಉತ್ತರ ಇಷ್ಟೇ: ಏಣಿ ಮುರುಕಲಾಗಿತ್ತು, ಅಪಾಯ ಎದ್ದು ಕಾಣುವ ಕಡೆ ಪವಾಡವನ್ನು ನೆಚ್ಚಬಾರದು. ಪರಲೋಕದ ಮಹಾಸಿದ್ಧಾಂತದ ಪಕ್ಕದಲ್ಲಿ ಈ ಮುರುಕಲು ಏಣಿಯನ್ನು ತಂದು ನಿಲ್ಲಿಸಿದ ಪಂಡಿತನು ಯಾರೋ, ಅವನ ವಿವೇಕಕ್ಕೆ ನಾವು ತಲೆಬಾಗುತ್ತೇವೆ. ದೇವರ ನ್ಯಾಯವನ್ನು ವಿಚಾರಿಸುವುದಕ್ಕೆ ಮೊದಲು ಏಣಿಯನ್ನು ವಿಚಾರಿಸಿರಿ ಎಂಬ ಧ್ವನಿ ಅದರಲ್ಲಿದೆ.

ದಂಡನೆಯ ಪ್ರಮಾಣದ ವಿಷಯಕ್ಕೆ ಬಂದರೆ ಕ್ರಿ. ಶ. 200ರ ಸುಮಾರಿಗೆ ಸಂಕಲಿತವಾದ ಮಿಶ್ನಾ ಗ್ರಂಥದಲ್ಲಿ ಖಚಿತವಾದ ಅವಧಿಯೇ ಇದೆ. ಗೆಹಿನ್ನೋಮಿನಲ್ಲಿ ದುಷ್ಟರಿಗೆ ನಡೆಯುವ ವಿಚಾರಣೆ ಹನ್ನೆರಡು ತಿಂಗಳು ಎಂದು ರಬ್ಬಿ ಅಕೀವಾನ ಮತ. ಪಸ್ಕಹಬ್ಬದಿಂದ ವಾರಗಳ ಹಬ್ಬದವರೆಗೆ, ಎಂದರೆ ಏಳು ವಾರಗಳಷ್ಟು ಮಾತ್ರ ಎಂದು ರಬ್ಬಿ ಯೋಹಾನಾನ್ ಬೆನ್ ನೂರಿಯ ಮತ. ಪಾಪಪುಣ್ಯಗಳು ಸಮತೂಕವಾಗಿರುವ ಸಾಮಾನ್ಯರ ಗತಿಯೇನು ಎಂಬ ಪ್ರಶ್ನೆ ಎದ್ದಾಗ ಶಮ್ಮಾಯಿಯ ಪಂಥದವರು ಅವರು ಒಮ್ಮೆ ಬೆಂಕಿಗೆ ಇಳಿದು ಕೂಗಿ ಮೇಲೇರುವರೆಂದರು. ಹಿಲ್ಲೇಲನ ಪಂಥದವರು ದೇವರು ತಕ್ಕಡಿಯನ್ನು ದಯೆಯ ಕಡೆಗೆ ವಾಲಿಸುವನೆಂದರು. ವಾರಕ್ಕೊಮ್ಮೆ ಬರುವ ಸಬ್ಬತ್ ದಿನದಲ್ಲಿ ನರಕದ ಬೆಂಕಿಗೂ ಬಿಡುವು ಎಂಬ ಕಥೆಯೂ ಇದೆ. ಅನಂತವಾದ ದಂಡನೆಗೂ ಎಣಿಸಬಹುದಾದ ದಂಡನೆಗೂ ಇರುವ ಅಂತರ ಬರಿಯ ಕಾಲಮಾನದ್ದಲ್ಲ. ಅವಧಿಯಿರುವ ದಂಡನೆಗೆ ಒಂದು ಉದ್ದೇಶವಿದೆ. ಅದು ಮುಗಿದ ಮೇಲೆ ಏನೋ ಇದೆ. ಅನಂತ ದಂಡನೆಗೆ ದಂಡನೆಯ ಹೊರತು ಬೇರೆ ಉದ್ದೇಶವಿರಲಾರದು.

ಹಾಗೆಂದು ಎಲ್ಲವೂ ಮೃದುವಾಗಿದೆಯೆಂದು ಹೇಳಿದರೆ ಓದುಗರಿಗೆ ಮೋಸಮಾಡಿದಂತಾಗುತ್ತದೆ. ಅದೇ ತಾಲ್ಮುದ್ ಭಾಗದಲ್ಲಿ ಹನ್ನೆರಡು ತಿಂಗಳು ಮುಗಿದ ಮೇಲೆ ಕೆಲವು ಪಾಪಿಗಳ ದೇಹ ನಾಶವಾಗಿ ಆತ್ಮ ಸುಟ್ಟು ಬೂದಿಯಾಗಿ ಸಜ್ಜನರ ಕಾಲಡಿಯಲ್ಲಿ ಹರಡುವುದೆಂದು ಇದೆ. ಪಾಷಂಡಿಗಳು, ಸ್ವಜನರನ್ನು ಹಿಡಿದುಕೊಟ್ಟ ಚಾಡಿಕೋರರು, ಶಾಸ್ತ್ರವನ್ನೂ ಪುನರುತ್ಥಾನವನ್ನೂ ಅಲ್ಲಗಳೆದವರು ಇವರಿಗಂತೂ ದಂಡನೆ ತಲೆತಲಾಂತರದವರೆಗೆ. ನರಕವೇ ಸವೆದುಹೋದರೂ ಅವರು ಸವೆಯರು. ಹತ್ತನೆಯ ಶತಮಾನದ ತತ್ತ್ವಜ್ಞ ಸಾದಿಯಾ ಗಾಓನನು ಫಲವೂ ದಂಡನೆಯೂ ನಿತ್ಯವೆಂದೇ ವಾದಿಸಿದನು. ಚಾಡಿಕೋರರ ಮೇಲಿನ ಸಿಟ್ಟು ನಮಗೆ ಅರ್ಥವಾಗುತ್ತದೆ. ರೋಮನ್ನರ ಆಳ್ವಿಕೆಯಲ್ಲಿ ಒಂದು ಚಾಡಿಮಾತು ಒಂದು ಊರನ್ನೇ ಬಲಿತೆಗೆದುಕೊಳ್ಳಬಹುದಾಗಿತ್ತು. ಆದರೆ ಬೇರೆ ರೀತಿಯಲ್ಲಿ ಯೋಚಿಸಿದವನನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದುದು ನ್ಯಾಯದ ಮಾತಲ್ಲ. ಭಯಗೊಂಡ ಸಮಾಜದ ಮಾತು. ಇದನ್ನು ಒಪ್ಪಿಕೊಂಡು ಮುಂದೆ ಹೋಗುವುದೇ ಲೇಸು.

ಹನ್ನೆರಡನೆಯ ಶತಮಾನದಲ್ಲಿ ಮೈಮೊನಿಡೀಸನು ಈ ಚಿತ್ರಗಳನ್ನೆಲ್ಲ ಪಕ್ಕಕ್ಕೆ ಸರಿಸಿದನು. ಕೊರ್ಡೊವಾದಲ್ಲಿ ಹುಟ್ಟಿ ಈಜಿಪ್ಟಿನಲ್ಲಿ ವೈದ್ಯನಾಗಿ ಬಾಳಿದ ಈ ಮೇಧಾವಿಯ ಪ್ರಕಾರ ಮುಂದಿನ ಲೋಕದಲ್ಲಿ ದೇಹವಿಲ್ಲ, ಊಟವಿಲ್ಲ, ಬೆಂಕಿಯೂ ಇಲ್ಲ. ದೇವರನ್ನು ಅರಿತ ಆತ್ಮ ಆ ಅರಿವಿನಲ್ಲಿ ನಿಲ್ಲುತ್ತದೆ. ಅರಿಯದ ದುಷ್ಟಾತ್ಮ ಅಳಿದುಹೋಗುತ್ತದೆ. ಆ ಅಳಿವೇ ಪರಮದಂಡನೆ. ಮೊದಲ ನೋಟಕ್ಕೆ ಇದು ಎಷ್ಟು ಸುಸಂಸ್ಕೃತವಾಗಿ ಕಾಣುತ್ತದೆ! ಆದರೆ ಯೋಚಿಸಿದಷ್ಟೂ ತೊಡಕು ಹೆಚ್ಚುತ್ತದೆ. ಸಾವಿರ ಜನರನ್ನು ಕೊಂದವನಿಗೂ ಶೂನ್ಯ, ಬೇರೆ ಪಾಪದಿಂದ ಕೆಟ್ಟವನಿಗೂ ಅದೇ ಶೂನ್ಯ ಎಂದಾದರೆ ತಕ್ಕಡಿ ಏತಕ್ಕೆ? ಅರಿವೇ ಅಮೃತತ್ವಕ್ಕೆ ಸಾಧನವೆಂದರೆ ಅಕ್ಷರವರಿಯದೆ ಮಕ್ಕಳನ್ನು ಸಾಕಿ ಸತ್ತ ತಾಯಿಯ ಗತಿಯೇನು? ಹದಿಮೂರನೆಯ ಶತಮಾನದ ನಹ್ಮಾನಿಡೀಸನು ಗೆಹಿನ್ನೋಮ್ ನಿಜವಾದ ಸ್ಥಳವೆಂದೂ ಅಲ್ಲಿಯ ದಂಡನೆ ಅಪರಾಧಕ್ಕೆ ತಕ್ಕಷ್ಟಿರುವುದೆಂದೂ ಮತ್ತೆ ಸ್ಥಾಪಿಸಲು ಹೊರಟದ್ದು ಹಳೆಯದನ್ನು ಉಳಿಸಿಕೊಳ್ಳುವ ಹಂಬಲದಿಂದ ಮಾತ್ರವಲ್ಲ. ಅಳತೆಯಿಲ್ಲದೆ ನ್ಯಾಯವಿಲ್ಲವೆಂಬ ಅರಿವೂ ಅದರಲ್ಲಿತ್ತು. ಮುಂದೆ ಸ್ಪೇನಿನ ಕ್ರೆಸ್ಕಾಸನು ಮೈಮೊನಿಡೀಸನ ಜ್ಞಾನವಾದವನ್ನು ನೇರವಾಗಿ ಎದುರಿಸಿ, ಆತ್ಮವನ್ನು ಉಳಿಸುವುದು ತರ್ಕಜ್ಞಾನವಲ್ಲ, ದೇವರ ಮೇಲಣ ಪ್ರೀತಿ ಎಂದನು. 1391ರ ಗಲಭೆಯಲ್ಲಿ ಬಾರ್ಸಿಲೋನಾದಲ್ಲಿ ಅವನ ಮಗ ಕೊಲೆಯಾಗಿದ್ದನು. ಅವನ ವಾದವನ್ನು ಓದುವಾಗ ಈ ಸಂಗತಿ ನೆನಪಿನಲ್ಲಿರಬೇಕು.

ಈ ವಾದಗಳು ಪಂಡಿತರ ಕೋಣೆಯಲ್ಲಿಯೇ ಉಳಿದವೆಂದು ತಿಳಿಯಬಾರದು. 1635ರ ಸುಮಾರಿಗೆ ಆಮ್ಸ್ಟರ್ಡ್ಯಾಮಿನ ಯೆಹೂದಿ ಸಮಾಜದಲ್ಲಿ ಇದೇ ಪ್ರಶ್ನೆಗೆ ದೊಡ್ಡ ಕಲಹವೆದ್ದಿತು. ಆ ಸಮಾಜದ ಹೆಚ್ಚಿನವರು ಸ್ಪೇನ್ ಪೋರ್ತುಗಲ್‌ಗಳಲ್ಲಿ ಬಲಾತ್ಕಾರದಿಂದ ಕ್ರೈಸ್ತರಾದವರ ಸಂತತಿ. ತಪ್ಪಿಸಿಕೊಂಡು ಬಂದು ಮತ್ತೆ ಪೂರ್ವಿಕರ ಧರ್ಮವನ್ನು ಹಿಡಿದವರು. ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅಜ್ಜಅಜ್ಜಿಯರು ಅಲ್ಲಿಯೇ ಉಳಿದಿದ್ದರು, ಶಿಲುಬೆಯ ಮುಂದೆ ಮೊಣಕಾಲೂರುತ್ತ. ಹಿರಿಯ ರಬ್ಬಿ ಸೌಲ್ ಲೇವಿ ಮೊರ್ತೇರಾ ಮಹಾಪಾಪಿಗಳಿಗೆ ದಂಡನೆ ನಿತ್ಯವೆಂದು ಉಪನ್ಯಾಸ ಮಾಡಿದನು. ತರುಣರು ಕೆರಳಿದರು, ಆ ಉಪದೇಶವನ್ನು ನಿಲ್ಲಿಸಬೇಕೆಂದು ಸಮಾಜದ ಮುಖಂಡರ ಬಳಿಗೆ ಹೋದರು. ಕಿರಿಯ ರಬ್ಬಿ ಇಸಾಕ್ ಅಬೊಆಬನು ಅವರ ಪಕ್ಷ ವಹಿಸಿದನು. ಪೋರ್ತುಗಲ್‌ನಲ್ಲಿ ಅಂಥದೇ ಮನೆತನದಲ್ಲಿ ಹುಟ್ಟಿದ ಅವನು ಕಬ್ಬಾಲಾ ಅನುಭಾವಿಗಳ ಗಿಲ್ಗುಲ್ ತತ್ತ್ವವನ್ನು, ಎಂದರೆ ಆತ್ಮವು ದೇಹದಿಂದ ದೇಹಕ್ಕೆ ಸಾಗಿ ಶುದ್ಧಿಹೊಂದುವ ತತ್ತ್ವವನ್ನು, ಆಧರಿಸಿ ಇಸ್ರಾಯೇಲಿನ ಯಾವ ಆತ್ಮವೂ ಶಾಶ್ವತವಾಗಿ ಕಳೆದುಹೋಗದೆಂದು ಬರೆದನು. ಗಿಲ್ಗುಲ್ ಎಂದೊಡನೆ ನಮ್ಮ ಓದುಗರು ಇಲ್ಲಿಯ ಪುನರ್ಜನ್ಮವನ್ನು ನೆನೆಯುವುದು ಸಹಜ. ಆದರೆ ಬಿಡುಗಡೆಯಾಗಬೇಕಾದ ಬಂಧನವೆಂದು ಅಬೊಆಬನು ಅದನ್ನು ಕಾಣಲಿಲ್ಲ. ತಪ್ಪಿದವನಿಗೆ ದೊರೆಯುವ ಮತ್ತೊಂದು ಅವಕಾಶವೆಂದು ಕಂಡನು. ವೆನಿಸಿನ ರಬ್ಬಿಗಳು 1636ರಲ್ಲಿ ಮೊರ್ತೇರಾನ ಕಡೆ ನಿಂತು, ತನ್ನ ಮತವನ್ನು ಹಿಂದೆಗೆದುಕೊಳ್ಳುವಂತೆ ಅಬೊಆಬನಿಗೆ ಬರೆದರು. ಶಾಸ್ತ್ರದ ಆಧಾರ ಮೊರ್ತೇರಾನ ಕಡೆಗೆ ಹೆಚ್ಚಾಗಿದ್ದುದನ್ನು ನಾವು ಅಲ್ಲಗಳೆಯಲಾರೆವು. ಆದರೆ ಅಬೊಆಬನ ಎದುರಿಗೆ ಇದ್ದದ್ದು ಸಿದ್ಧಾಂತವಲ್ಲ. ಹಡಗು ಹತ್ತಲಾರದೆ ಉಳಿದ ಅಜ್ಜಿ.

ಇಪ್ಪತ್ತನೆಯ ಶತಮಾನದ ಮಾತನ್ನು ಎತ್ತಲೇಬೇಕು, ಎತ್ತಲು ಕೈ ನಡುಗುತ್ತದೆ. ಹಿಟ್ಲರನ ಆಳ್ವಿಕೆಯಲ್ಲಿ 60 ಲಕ್ಷ ಯೆಹೂದಿಗಳನ್ನು ಕೊಂದ ಮೇಲೆ ಕಷ್ಟವೆಂದರೆ ಪಾಪದ ಫಲ ಎಂಬ ಯೋಬನ ಗೆಳೆಯರ ತರ್ಕವನ್ನು ಮತ್ತೆ ಹೇಳಿದವರು ಇಲ್ಲದಿಲ್ಲ. ರಿಚರ್ಡ್ ರೂಬೆನ್‌ಸ್ಟೈನ್ ಅವರು 1966ರ ತಮ್ಮ ಗ್ರಂಥದಲ್ಲಿ, ಇತಿಹಾಸವನ್ನು ನಡೆಸಿ ದಂಡಿಸುವ ದೇವರನ್ನು ಇನ್ನು ನಂಬಲಾಗದೆಂದು ಬರೆದರು. ಎಲಿಯೆಜರ್ ಬೆರ್ಕೊವಿಟ್ಸ್ ಅವರು 1973ರಲ್ಲಿ, ಮನುಷ್ಯನಿಗೆ ಸ್ವಾತಂತ್ರ್ಯವಿರಬೇಕಾದರೆ ದೇವರು ಮುಖವನ್ನು ಮರೆಮಾಡಿಕೊಳ್ಳಬೇಕಾಗುತ್ತದೆ ಎಂಬ ಹಳೆಯ ಬೈಬಲ್ ಕಲ್ಪನೆಯಿಂದ ಉತ್ತರ ಹುಡುಕಿದರು. ಇಬ್ಬರೂ ದಂಡನೆಯ ವಿವರಣೆಯನ್ನು ತಳ್ಳಿಹಾಕಿದರೆಂಬುದು ಗಮನಾರ್ಹ. ಎಲಿಶಾ ಒಬ್ಬ ಬಾಲಕನನ್ನು ಕಂಡು ಕೇಳಿದ ಪ್ರಶ್ನೆ ಅದು. ಲೆಕ್ಕವಿಲ್ಲದಷ್ಟು ಬಾಲಕರ ಪರವಾಗಿ ಮತ್ತೆ ಎದ್ದು ನಿಂತಿತು. ಇದಕ್ಕಿಂತ ಹೆಚ್ಚಿಗೆ ಬರೆಯುವ ಅಧಿಕಾರ ನಮಗಿಲ್ಲ.

ಎಲಿಶಾನ ಕಥೆ ಅವನ ಪತನಕ್ಕೆ ಮುಗಿಯಲಿಲ್ಲ. ಅವನ ಶಿಷ್ಯ ರಬ್ಬಿ ಮೇಯಿರ್ ಗುರುವನ್ನು ಬಿಡಲಿಲ್ಲ. ಒಂದು ಸಬ್ಬತ್ ದಿನ ಎಲಿಶಾ ಶಾಸ್ತ್ರವನ್ನು ಮೀರಿ ಕುದುರೆಯೇರಿ ಹೋಗುತ್ತಿದ್ದನು. ಮೇಯಿರ್ ಪಾಠ ಕೇಳುತ್ತ ಹಿಂದೆ ನಡೆಯುತ್ತಿದ್ದನು. ಸ್ವಲ್ಪ ದೂರ ಹೋದ ಮೇಲೆ ಎಲಿಶಾ ಶಿಷ್ಯನನ್ನು ಹಿಂದಿರುಗಲು ಹೇಳಿದನು. ಕುದುರೆಯ ಹೆಜ್ಜೆಗಳನ್ನು ಅವನು ಎಣಿಸುತ್ತಿದ್ದನು. ಸಬ್ಬತ್ ದಿನ ನಡೆಯಬಹುದಾದ ಎಲ್ಲೆ ಅಲ್ಲಿಗೆ ಮುಗಿದಿತ್ತು. ತಾನು ಮುರಿದ ನಿಯಮವನ್ನು ಶಿಷ್ಯನು ಮುರಿಯದಂತೆ ಕಾಯ್ದ ಈ ನಾಸ್ತಿಕನ ಚಿತ್ರವನ್ನು ಬರೆದವರು ಅವನನ್ನು ದ್ವೇಷಿಸಿದವರಾಗಿರಲಾರರು. ಗುರುವೂ ಹಿಂದಿರುಗಬಾರದೇ ಎಂದು ಮೇಯಿರ್ ಬೇಡಿದಾಗ, ಪಶ್ಚಾತ್ತಾಪ ಎಲ್ಲರಿಗೂ ಉಂಟು, ಅಹೇರ್ ಒಬ್ಬನಿಗೆ ಇಲ್ಲ ಎಂಬ ಧ್ವನಿಯನ್ನು ತೆರೆಯ ಆಚೆಯಿಂದ ಕೇಳಿದ್ದೇನೆ ಎಂದನಂತೆ.

ಎಲಿಶಾ ಸತ್ತ ಮೇಲೆ ಪರಲೋಕದ ನ್ಯಾಯಾಸ್ಥಾನ ಇಕ್ಕಟ್ಟಿಗೆ ಸಿಕ್ಕಿತು. ಅಷ್ಟು ಶಾಸ್ತ್ರ ಓದಿದವನನ್ನು ದಂಡಿಸುವಂತಿಲ್ಲ. ಅಷ್ಟು ಪಾಪ ಮಾಡಿದವನನ್ನು ಒಳಗೆ ಬಿಡುವಂತೆಯೂ ಇಲ್ಲ. ಹೀಗೆ ತೀರ್ಪಿಲ್ಲದೆ ಉಳಿಯುವುದಕ್ಕಿಂತ ದಂಡನೆಯನ್ನಾದರೂ ಅನುಭವಿಸಿ ಒಳಗೆ ಸೇರುವುದು ಲೇಸೆಂದು ಮೇಯಿರ್ ಎಣಿಸಿದನು. ತಾನು ಸತ್ತ ಮೇಲೆ ಗುರುವಿನ ಗೋರಿಯಿಂದ ಹೊಗೆ ಏಳುವಂತೆ ಮಾಡುವೆನೆಂದನು. ಅವನು ಸತ್ತನು, ಹೊಗೆ ಎದ್ದಿತು. ಮೂರನೆಯ ಶತಮಾನದ ರಬ್ಬಿ ಯೋಹಾನಾನನಿಗೆ ಇದು ಸಹಿಸಲಿಲ್ಲ. ಗುರುವನ್ನು ಸುಡುವುದೂ ಒಂದು ಪರಾಕ್ರಮವೇ, ನಮ್ಮಲ್ಲಿ ಇದ್ದವನು ಒಬ್ಬ, ಅವನನ್ನು ಉಳಿಸಿಕೊಳ್ಳಲಾರದೆ ಹೋದೆವೇ ಎಂದು ಅವನು ನೊಂದನು. ತಾನು ಸತ್ತ ಮೇಲೆ ಆ ಹೊಗೆಯನ್ನು ಆರಿಸುವೆನೆಂದನು. ಅವನು ಸತ್ತ ದಿನ ಹೊಗೆ ನಿಂತಿತು. ನರಕದ ಬಾಗಿಲು ಕಾಯುವವನೂ ಅವನ ಎದುರಿಗೆ ನಿಲ್ಲಲಾರದೆ ಹೋದನೆಂದು ಶೋಕಗೀತಕಾರನು ಹಾಡಿದನಂತೆ.

ಕಥೆಯಲ್ಲಿ ದೇವರು ಎಲ್ಲಿಯೂ ಮಾತನಾಡುವುದಿಲ್ಲ. ಬೆಂಕಿ ಹೊತ್ತಿಸಿದವನು ಶಿಷ್ಯ, ಆರಿಸಿದವನು ಆ ಪಾಠಪರಂಪರೆಯ ಮುಂದಿನ ತಲೆಮಾರಿನವನು. ನಡುವೆ ಸುಮಾರು ನೂರು ವರ್ಷಗಳ ಹೊಗೆ. ಹನ್ನೆರಡು ತಿಂಗಳ ಅವಧಿ ಇಲ್ಲಿ ಲೆಕ್ಕಕ್ಕೆ ಬರಲಿಲ್ಲ. ಯಾರಾದರೂ ಬಂದು ಆರಿಸಬೇಕಾಯಿತು. ಸತ್ತವನ ತೀರ್ಪಿನಲ್ಲಿ ಇದ್ದವರಿಗೂ ಪಾಲುಂಟು ಎಂಬುದು ಈ ಕಥೆಯ ಹುರುಳೆಂದು ನಮ್ಮ ಅಭಿಪ್ರಾಯ. ಯೆರೂಸಲೇಮ್ ತಾಲ್ಮುದಿನ ಪಾಠದಲ್ಲಂತೂ ಗೋರಿಯ ಮೇಲೆ ಆಕಾಶದಿಂದ ಬೆಂಕಿ ಇಳಿದಾಗ ಮೇಯಿರ್ ತನ್ನ ಮೇಲುಹೊದಿಕೆಯನ್ನು ಅದರ ಮೇಲೆ ಹಾಸಿದನೆಂದು ಇದೆ.

ಮುಂದಿನ ಶತಮಾನಗಳಲ್ಲಿ ಈ ಭಾವನೆ ಮನೆಮನೆಯ ಆಚಾರವಾಯಿತು. ರೈನ್ ನದಿಯ ಪ್ರಾಂತದ ಯೆಹೂದಿಗಳನ್ನು 1096ರಲ್ಲಿ ಶಿಲುಬೆಯ ಯೋಧರು ಕೊಚ್ಚಿಹಾಕಿದ ಬಳಿಕದ ಕಾಲದಲ್ಲಿ, ಆ ಸೀಮೆಯಲ್ಲಿ, ಸತ್ತ ತಂದೆತಾಯಿಗಳಿಗಾಗಿ ಮಗನು ಪ್ರಾರ್ಥನಾಮಂದಿರದಲ್ಲಿ ಎದ್ದುನಿಂತು ಕದ್ದಿಶ್ ಹೇಳುವ ಪದ್ಧತಿ ಬೆಳೆಯಿತು. ಅರಮಾಯಿಕ್ ಭಾಷೆಯ ಆ ಸ್ತುತಿಯಲ್ಲಿ ಸಾವಿನ ಹೆಸರಿಲ್ಲ, ನರಕದ ಮಾತೂ ಇಲ್ಲ. ದೇವರ ನಾಮ ದೊಡ್ಡದಾಗಲಿ ಎಂಬುದಷ್ಟೇ ಅದರ ಭಾವ. ಕೇಳುವವರು ಆಮೆನ್ ಎನ್ನಬೇಕು. ಅದಕ್ಕೆ ಹತ್ತು ಜನರಾದರೂ ಸೇರಿರಬೇಕು. ದುಷ್ಟರ ವಿಚಾರಣೆ ಹನ್ನೆರಡು ತಿಂಗಳೆಂದು ಮಿಶ್ನಾ ಹೇಳಿದುದರಿಂದ ಹನ್ನೆರಡು ತಿಂಗಳೂ ಇದನ್ನು ಹೇಳುವುದು ಮೊದಲಿನ ಕ್ರಮವಾಗಿತ್ತು. ಆದರೆ ಪೂರ್ತಿ ಹನ್ನೆರಡು ತಿಂಗಳು ಹೇಳಿದರೆ ತನ್ನ ತಂದೆ ದುಷ್ಟನೆಂದು ಮಗನೇ ಒಪ್ಪಿಕೊಂಡಂತಾಗುವುದಲ್ಲ! ಹದಿನಾರನೆಯ ಶತಮಾನದಲ್ಲಿ ಕ್ರಾಕೋವಿನ ರಬ್ಬಿ ಮೋಸೆಸ್ ಇಸ್ಸರ್ಲೆಸನು ಇದನ್ನು ಗಮನಿಸಿ, ಹನ್ನೊಂದು ತಿಂಗಳು ಮಾತ್ರ ಹೇಳುವುದು ರೂಢಿಯೆಂದು ಬರೆದಿಟ್ಟನು. ಇಂದಿಗೂ ಅದೇ ನಡೆಯುತ್ತಿದೆ. ಹನ್ನೆರಡನೆಯ ತಿಂಗಳಲ್ಲಿ ಹೆತ್ತವರಿಗಾಗಿ ಆಚರಿಸುವ ಶೋಕದ ಉಳಿದ ನಿಯಮಗಳು ಮುಂದುವರಿಯುತ್ತವೆ. ಕದ್ದಿಶಿನ ಹೊತ್ತಿಗೆ ಮಗನು ಇತರರ ಜೊತೆ ಕುಳಿತು ಆಮೆನ್ ಎನ್ನುತ್ತಾನೆ.